ಜೆರಾಕ್ಸ್ ಕೊಟ್ಟವನೇ ಅಪರಾಧಿಯೆ?



ನಮ್ಮ ಹೆಸರಿನಲ್ಲಿ ಬೇರೊಬ್ಬನು ಸಾಲ ಪಡೆದರೆ, ನಮ್ಮ ಹೆಬ್ಬೆರಳಿನ ಗುರುತಿನಿಂದ ಮತ್ತೊಬ್ಬನು ಹಣ ತೆಗೆದರೆ, ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: "ನೀವೇಕೆ ಎಚ್ಚರವಾಗಿರಲಿಲ್ಲ?" ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ಗುರುತಿನ ಕಳವು' ಎಂಬ ಹೆಸರೂ ದಾರಿ ತಪ್ಪಿಸುವಂಥದು. ಮುಖ ನೋಡದೆ, ಮನೆ ವಿಚಾರಿಸದೆ, ಒಂದು ಕಾಗದದ ಪ್ರತಿಯನ್ನು ನಂಬಿ ಹಣ ಕೊಟ್ಟದ್ದು ಸಾಲ ಕೊಟ್ಟ ಸಂಸ್ಥೆ. ಮೋಸಹೋದದ್ದೂ ಅದೇ. ಆದರೆ ಹೆಸರಿಟ್ಟವರ ಜಾಣತನ ನೋಡಿ: ಕಳೆದುಕೊಂಡವರೂ ನಾವು, ಹುಡುಕಿ ತರಬೇಕಾದವರೂ ನಾವು!

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು (ಈಗ ಅವಳೂ ಶಿಕ್ಷಕಿ) ತಾನು ಪಡೆಯದ ಸಾಲದ ಕಂತಿಗಾಗಿ ವಸೂಲಿಯವರ ಬೈಗುಳ ಕೇಳಿದಳು. ಆ ಸಾಲ ತನ್ನದಲ್ಲವೆಂದು ತಿಳಿಸಲು ಸಂಸ್ಥೆಯ ಕಚೇರಿಗೆ ಹೋದಾಗ ಅವರು ಮೊದಲು ಕೇಳಿದ್ದೇನು ಗೊತ್ತೇ? ಆಧಾರ್ ಕಾರ್ಡಿನ ಇನ್ನೊಂದು ಜೆರಾಕ್ಸ್.

ಈ ಜೆರಾಕ್ಸ್ ಎಂಬುದು ನಮ್ಮ ಕಚೇರಿಗಳ ನಿತ್ಯನೈವೇದ್ಯ. ವಸತಿಗೃಹ, ಸಿಮ್ ಅಂಗಡಿ, ಕಲ್ಯಾಣಮಂಟಪ, ಎಲ್ಲೆಡೆಯೂ ಅದನ್ನು ಅರ್ಪಿಸಬೇಕು. ಅದು ಯಾವ ಕಪಾಟಿಗೆ ಹೋಯಿತು, ಯಾವಾಗ ರದ್ದಿಗೆ ಬಿತ್ತು ಎಂದು ಯಾರೂ ಹೇಳುವುದಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು: ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕಲ್ಲಿ ಕೊಡಬೇಡಿ, ದುರುಪಯೋಗವಾದೀತು, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಕೊಡಿ, ಪರವಾನಗಿಯಿಲ್ಲದ ಹೋಟೆಲು, ಚಿತ್ರಮಂದಿರಗಳು ಅದನ್ನು ಸಂಗ್ರಹಿಸುವಂತಿಲ್ಲ ಎಂದು. ಸತ್ಯವಾದ ಮಾತು. ಎರಡೇ ದಿನಗಳಲ್ಲಿ, ಮೇ 29ರಂದು, ಅದನ್ನು ಹಿಂತೆಗೆದುಕೊಳ್ಳಲಾಯಿತು. ಜನ ತಪ್ಪಾಗಿ ಅರ್ಥೈಸಿಯಾರಂತೆ, ಸಾಮಾನ್ಯ ವಿವೇಚನೆ ಸಾಕಂತೆ! ಇದ್ದ ವಿವೇಚನೆಯನ್ನೇ ಹಿಂತೆಗೆದುಕೊಂಡ ಮೇಲೆ ನಾವು ಯಾವ ವಿವೇಚನೆಯನ್ನು ಬಳಸುವುದು?

ಎಚ್ಚರವಿದ್ದರೂ ಏನು ಪ್ರಯೋಜನವೆಂಬುದಕ್ಕೆ 2023ರ ಬೆಂಗಳೂರಿನ ಪ್ರಕರಣಗಳನ್ನು ನೆನೆಯಿರಿ. ಆಸ್ತಿ ನೋಂದಣಿಯ ಸಮಯದಲ್ಲಿ ಫೋಟೋ ಮತ್ತು ಬೆರಳಚ್ಚು ಒತ್ತಬೇಕೆಂಬುದು ಕಾನೂನು. ಕಳ್ಳರು ಕಾವೇರಿ ಜಾಲತಾಣದಲ್ಲಿದ್ದ ಕ್ರಯಪತ್ರಗಳಿಂದ ಆ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದು, ಕೃತಕ ಹೆಬ್ಬೆಟ್ಟು ಮಾಡಿ, ಆಧಾರ್ ಪಾವತಿ ಯಂತ್ರಗಳ ಮೂಲಕ ಖಾತೆಗಳಿಂದ ಹಣ ಸೆಳೆದರು. ಅದಕ್ಕೆ ಓಟಿಪಿ ಬೇಕಿಲ್ಲ. ಬ್ಯಾಂಕಿನ ಹೆಸರು, ಸಂಖ್ಯೆ, ಬೆರಳು ಇಷ್ಟೇ ಸಾಕು. ಯಾರಿಗೂ ಗುಟ್ಟು ಹೇಳದ, ಯಾವ ಕೊಂಡಿಯನ್ನೂ ಒತ್ತದ ಜನ ಅವರು. ಅವರು ಮಾಡಿದ್ದು ಸರ್ಕಾರದ ಮಾತು ಕೇಳಿ ಹೆಬ್ಬೆಟ್ಟು ಒತ್ತಿದ್ದು ಮಾತ್ರ. ಬೆರಳಚ್ಚನ್ನು ಮರೆಮಾಡುವ ಆಲೋಚನೆ ಇಲಾಖೆಗೆ ಬಂದದ್ದು ಹಣ ಹೋದ ಮೇಲೆ. ಗುಪ್ತಪದವಾದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸುವುದೆಂತು?

ಹಾಗೆಂದು ಕೈಕಟ್ಟಿ ಕೂರಿರೆಂದು ನಾನು ಹೇಳುತ್ತಿಲ್ಲ. ಆಧಾರ್ ಜಾಲತಾಣದಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಿಡಿ, ಬೇಕಾದಾಗ ತೆರೆಯಬಹುದು. ವಯಸ್ಸಾದ ತಂದೆತಾಯಿಯರಿಗೆ ನೀವೇ ಮಾಡಿಕೊಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳಿವೆಯೆಂಬುದನ್ನು ಸಂಚಾರ್ ಸಾಥಿಯಲ್ಲಿ ನೋಡಿ. ಸಿಬಿಲ್ ಮೊದಲಾದ ಸಾಲದ ಇತಿಹಾಸ ಬರೆದಿಡುವ ಸಂಸ್ಥೆಗಳು ವರ್ಷಕ್ಕೊಮ್ಮೆ ವರದಿಯನ್ನು ಉಚಿತವಾಗಿ ಕೊಡಬೇಕು, ತರಿಸಿಕೊಂಡು ಓದಿ. ಅಪರಿಚಿತ ಸಾಲ ಕಂಡರೆ ಅಲ್ಲಿಯೂ ಸಾಲ ಕೊಟ್ಟವರಲ್ಲಿಯೂ ಬರಹದಲ್ಲಿ ದೂರು ಕೊಡಿ. ಮೂವತ್ತು ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ವಿಧಿಸಿತು. ಅದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಠಾಣೆಯಲ್ಲಿ ಹಿಂದೇಟು ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮನ್ನು ಹೆಸರಿಸಿ ಕೇಳಿ. ಅದರಡಿ ಮೂರು ವರ್ಷದವರೆಗೆ ಸೆರೆವಾಸವಿದೆ.

2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇಂಥ ವಂಚನೆಗೆ ಗ್ರಾಹಕನೇ ಹೊಣೆಯೆಂದು ಸಾಬೀತುಪಡಿಸುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಿತು. ಕೌಂಟರಿನಾಚೆ ಕುಳಿತವರು ಇದನ್ನು ತಾವಾಗಿ ಹೇಳಿದ್ದನ್ನು ನಾನು ಕಂಡಿಲ್ಲ. ಇನ್ನು 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವನ್ನು ಹೇಳುತ್ತದೆ. ಕೇಳಲು ಇಂಪು. ಆದರೆ ಆ ದಂಡವೆಲ್ಲ ಸರ್ಕಾರದ ಬೊಕ್ಕಸಕ್ಕೆ. ಹೆಸರು ಕೆಡಿಸಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದವಳಿಗೆ ಆ ಕಾಯಿದೆಯಲ್ಲಿ ಬಸ್ಸಿನ ಖರ್ಚಿಗೂ ಒಂದು ಸಾಲಿಲ್ಲ.

ನಾನಂತೂ ಜೆರಾಕ್ಸಿನ ಮೇಲೆ ಅಡ್ಡಗೆರೆ ಎಳೆದು, ಯಾರಿಗೆ, ಯಾವುದಕ್ಕೆ, ಯಾವ ದಿನ ಎಂದು ಬರೆದು ಕೊಡುತ್ತೇನೆ. ಯಾವ ನಿಯಮದಡಿ ಕೇಳುತ್ತಿದ್ದೀರೆಂದೂ ವಿಚಾರಿಸುತ್ತೇನೆ. ಹಿಂದಿನ ಸಾಲಿನವರು ಗೊಣಗುತ್ತಾರೆ. ಗೊಣಗಲಿ.