ಹಿಮಾಲಯಕ್ಕೆ ಹೋಪ ಪ್ಲಾನ್ ಸಮಾ ಇತ್ತ್, ವಾಪಾಸ್ ಬಪ್ಪ ಪ್ಲಾನ್ ಎಲ್ಲಿತ್ತ್?

ಕುಂದಾಪುರ: ಮಳೆಗಾಲ ಹಿಡಿಯುವ ಮೊದಲು ಒಂದು ದೊಡ್ಡ ಟ್ರಿಪ್ ಮುಗಿಸಿ ಬರಬೇಕು ಎನ್ನುವ ಲೆಕ್ಕ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಹುಡುಗರಲ್ಲಿ ಈಗ ಮಾಮೂಲಿ. ಕೊಡಚಾದ್ರಿ ಆಯ್ತು, ಕುಮಾರಪರ್ವತ ಆಯ್ತು, ಇನ್ನು ಹಿಮಾಲಯ. ವಾಟ್ಸಾಪ್ ಗ್ರೂಪ್ ಆಗುತ್ತದೆ, ಶೂ, ಬ್ಯಾಗು, ಜಾಕೆಟ್ ಬರುತ್ತವೆ, ಟಿಕೆಟ್ ಬುಕ್ ಆಗುತ್ತದೆ. ಎಲ್ಲವೂ ಇರುವ ಆ ಪ್ಲಾನ್‌ನಲ್ಲಿ ಒಂದು ಸಾಲು ಮಾತ್ರ ಇರುವುದಿಲ್ಲ. ಹವೆ ಕೆಟ್ಟರೆ ಎಲ್ಲಿಂದ ತಿರುಗುವುದು, ಕಾದು ಕೂರಲು ಕೈಯಲ್ಲಿ ಎಷ್ಟು ದಿನ ಉಂಟು?

ಈ ಸಾಲು ಎಂತಕ್ಕೆ ಬೇಕು ಎನ್ನುವುದನ್ನು 2024ರ ಜೂನ್ ತೋರಿಸಿದೆ. ಉತ್ತರಾಖಂಡದ ಸಹಸ್ತ್ರ ತಾಲ್ ಚಾರಣಕ್ಕೆ ಮೇ 29ರಂದು ಹೊರಟಿದ್ದ 22 ಜನರ ತಂಡದಲ್ಲಿ ಹೆಚ್ಚಿನವರು ಬೆಂಗಳೂರಿನವರು. ಜೂನ್ 7ಕ್ಕೆ ವಾಪಾಸ್ ಬರಬೇಕಿತ್ತು. ಜೂನ್ 3ರಂದು ಮೇಲಿಂದ ಇಳಿದು ಕ್ಯಾಂಪಿಗೆ ಬರುವ ದಾರಿಯಲ್ಲಿ ಹಿಮಗಾಳಿ ಹಿಡಿಯಿತು. ರಾತ್ರಿ ಬಯಲಲ್ಲೇ ಕಳೆಯಬೇಕಾಯಿತು. ಫೋನ್ ಸಿಗ್ನಲ್ ಇರುವ ಜಾಗಕ್ಕೆ ನಡೆದು ಬಂದು ಸುದ್ದಿ ಮುಟ್ಟಿಸಿದ ಮೇಲೆಯೇ ಹೊರಗಿನವರಿಗೆ ಗೊತ್ತಾದದ್ದು. ಹೆಲಿಕಾಪ್ಟರ್ ಹೋಯಿತು, ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋದರು. 13 ಮಂದಿ ಬದುಕಿ ಬಂದರು, 9 ಮಂದಿ ಬರಲಿಲ್ಲ.

ಮೃತರಲ್ಲಿ 70 ದಾಟಿದವರೂ ಇದ್ದರು. ಆಗ ಜನ ವಯಸ್ಸಿನ ಬಗ್ಗೆಯೇ ಮಾತಾಡಿದರು. ಆದರೆ ತಂಡದಲ್ಲಿ ಬೆಟ್ಟ ಹತ್ತಿ ಅನುಭವ ಇದ್ದವರು ಬೇಕಷ್ಟು ಇದ್ದರು. ಅವರ ಜೊತೆ ಗೈಡ್‌ಗಳಿದ್ದರು, ಅನುಮತಿಯೂ ಇತ್ತು. ಇಷ್ಟೆಲ್ಲ ಇದ್ದವರಿಗೇ ಒಂದು ಮಧ್ಯಾಹ್ನದ ಗಾಳಿ ಹೀಗೆ ಮಾಡಿತು ಅಂದ್ರೆ, ಮೊದಲ ಸಲ ಹೋಗುವ ಐದು ಜನರ ಗುಂಪು ಕೇಳಬೇಕಾದ ಪ್ರಶ್ನೆ ಬೇರೆಯೇ.

ಎತ್ತರದ ಲೆಕ್ಕ ಮೊದಲು. ಕೊಡಚಾದ್ರಿ 1,343 ಮೀಟರ್, ಅಂದ್ರೆ ಸುಮಾರು 4,400 ಅಡಿ. ಸಹಸ್ತ್ರ ತಾಲ್ ಇರುವುದು 15 ಸಾವಿರ ಅಡಿ ಆಸುಪಾಸು. ಹುಟ್ಟಿದಾರಭ್ಯ ಸಮುದ್ರ ಮಟ್ಟದಲ್ಲಿ ಉಸಿರಾಡಿದ ದೇಹ ಅಲ್ಲಿಗೆ ಒಗ್ಗಲು ದಿನ ಬೇಕು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು ಎನ್ನುವುದು ವೈದ್ಯರ ಸಾಮಾನ್ಯ ಸೂತ್ರ. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗುವಂತಿಲ್ಲ, ಹೆಚ್ಚಾದರೆ ಕೆಳಗೆ ಇಳಿಯುವುದೇ ಮದ್ದು. ಜಿಮ್‌ಗೆ ಹೋಗುವ ಗಟ್ಟಿಮುಟ್ಟಾದ ಹುಡುಗನಿಗೂ ಇದೇ ಲೆಕ್ಕ.

ಕಷ್ಟ ಇರುವುದು ಈ ಹೆಚ್ಚುವರಿ ದಿನಗಳಲ್ಲೇ. ಉಡುಪಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಗೇ ಎರಡು ದಿನದ ಹತ್ತಿರ. ಅಲ್ಲಿಂದ ಉತ್ತರಕಾಶಿಗೆ ಇನ್ನೊಂದು-ಒಂದೂವರೆ ದಿನ. ಹೋಗಿ ಬರಲೇ ಏಳು ದಿನ ಬೇಕು, ಚಾರಣ ಆರೇಳು ದಿನ. ಟಿಕೆಟ್ 60 ದಿನ ಮೊದಲೇ ಮಾಡಬೇಕು, ವಾಪಾಸ್ ತಾರೀಕು ಅಲ್ಲಿಗೇ ಗಟ್ಟಿಯಾಯಿತು. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಹದಿನೈದು ದಿನ ರಜೆ ಕೇಳಿದರೆ ಧಣಿಗಳು ಹನ್ನೆರಡು ಕೊಡುತ್ತಾರೆ. ಸ್ವಂತ ಅಂಗಡಿಯಾದರೆ ಬಾಗಿಲು ಹಾಕಿದ ದಿನದ ವ್ಯಾಪಾರ ಹೋಯಿತು. ಮೂರು ದಿನ ಉಳಿಸಬೇಕು ಅಂದಾಗ ಮೊದಲು ಕತ್ತರಿ ಬೀಳುವುದು ವಿಶ್ರಾಂತಿ ದಿನಕ್ಕೆ, ಆಮೇಲೆ ಹವೆ ಸರಿಯಾಗಲಿ ಎಂದು ಕಾಯುವ ದಿನಕ್ಕೆ. ಸಾವಿರ ಕಿಲೋಮೀಟರ್ ಆಚೆ ಕಪ್ಪು ಮೋಡ ಕಂಡಾಗಲೂ ತಲೆಯಲ್ಲಿ ಓಡುವುದು ಆ ಟಿಕೆಟ್ ಮತ್ತು ಆ ರಜೆಯೇ. ರಜೆ ಕೊಡುವವರು ಇನ್ನೆರಡು ದಿನ ಕೊಟ್ಟರೆ, ಕೊಡಲಾಗದಿದ್ದರೆ ಹೋಗುವವರು ಚಿಕ್ಕ ದಾರಿ ಹಿಡಿದರೆ, ಅದೇ ದೊಡ್ಡ ಸುರಕ್ಷತೆ.

ವಿಚಿತ್ರ ಅಂದ್ರೆ ಈ ಬುದ್ಧಿ ಕರಾವಳಿಗೆ ಹೊಸದಲ್ಲ. ಗಂಗೊಳ್ಳಿಯಲ್ಲಾಗಲಿ ಕೋಡಿಬೆಂಗ್ರೆಯಲ್ಲಾಗಲಿ, ‘ಗಾಳಿ ಜೋರಿತ್ತ್, ಇವತ್ತ್ ಹೋಪುದ್ ಬ್ಯಾಡ’ ಎಂದರೆ ಡೀಸೆಲ್ ತುಂಬಿಸಿದ ಬೋಟೂ ದಡದಲ್ಲೇ ನಿಲ್ಲುತ್ತದೆ. ಹಾಗೆ ನಿಂತವನನ್ನು ಯಾರೂ ಹೆದರುಪುಕ್ಕಲ ಅನ್ನುವುದಿಲ್ಲ. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಯೇ ನಿಷೇಧ. ಅದೇ ಮನೆಯ ಹುಡುಗ ಬೆಟ್ಟದ ಬುಡದಿಂದ ತಿರುಗಿ ಬಂದರೆ ಮಾತ್ರ ‘ಅಷ್ಟ್ ದೂರ ಹೋಯಿ ಹತ್ಲಿಲ್ಯಾ?’ ಎಂದು ಪೇಟೆಯಲ್ಲಿ ತಮಾಷೆ. ಉಡುಪಿ ಜಿಲ್ಲೆಗೆ ಆರೆಂಜ್ ಅಲರ್ಟ್ ಕೊಡುವ ಹವಾಮಾನ ಇಲಾಖೆಯೇ ಉತ್ತರಕಾಶಿಗೂ ಕೊಡುತ್ತದೆ, ಶಾಲೆಗೆ ರಜೆ ಉಂಟಾ ಎಂದು ನೋಡುವಷ್ಟು ಸಲೀಸಾಗಿ ಅದನ್ನೂ ನೋಡಬಹುದು.

ಸಹಾಯ ಬೇಗ ಬರುತ್ತದೆ ಎನ್ನುವ ನಂಬಿಕೆಯೂ ಬೇಡ. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಕಾಲು ಜಾರಿ ಬಿದ್ದಾಗ ಶವ ಸಿಗಲು ಒಂದು ವಾರ ಹಿಡಿಯಿತು. ಅದು ಮನೆ ಹತ್ತಿರದ ಕಾಡು, ಹುಡುಕಲು ಊರವರೇ ಇದ್ದರು.

ಹಾಗಾಗಿ ಹೋಗುವ ಮೊದಲು ಮನೆಯಲ್ಲಿ ಒಂದು ಚೀಟಿ ಇಟ್ಟು ಹೋಗುವುದು ಒಳ್ಳೆಯದು: ಯಾವ ದಿನ ಯಾವ ಕ್ಯಾಂಪ್, ಗೈಡ್ ಮತ್ತು ಏಜೆನ್ಸಿಯ ನಂಬರ್, ಯಾವ ದಿನದವರೆಗೆ ಫೋನ್ ಬಾರದಿದ್ದರೂ ಗಾಬರಿ ಬೇಡ, ಯಾವ ದಿನ ದಾಟಿದರೆ ಅಲ್ಲಿನ ಜಿಲ್ಲಾಡಳಿತಕ್ಕೆ ಕರೆ ಮಾಡಬೇಕು. ಉಪಗ್ರಹ ಫೋನ್ ತೆಗೆದುಕೊಂಡು ಹೋಗುತ್ತೇವೆ ಎನ್ನುವವರಿಗೆ, ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಕೇಸು ಬೀಳುತ್ತದೆ. ಲಡಾಖ್, ಕಾಶ್ಮೀರಕ್ಕಾದರೆ ಇಲ್ಲಿನ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಬೇಕು. ಆ ನಂಬರನ್ನೂ ಚೀಟಿಯಲ್ಲಿ ಬರೆದಿಡಬೇಕು.