ಡಾಟ್ ಕಾಂ ಅಲ್ಲದ ಹೆಸರನ್ನು ಕೊಳ್ಳುವವರು ಯಾರು?

ಅಂತರ್ಜಾಲದ ವಿಳಾಸಗಳ ಉಸ್ತುವಾರಿ ನೋಡಿಕೊಳ್ಳುವ ಅಮೆರಿಕದ ಐಕ್ಯಾನ್ ಸಂಸ್ಥೆ 14 ವರ್ಷಗಳ ಬಳಿಕ ಮತ್ತೆ ಹೊಸ ವಿಸ್ತರಣೆಗಳಿಗೆ ಅರ್ಜಿ ಕರೆದಿದೆ. ವಿಸ್ತರಣೆ ಎಂದರೆ ವೆಬ್‌ಸೈಟಿನ ಹೆಸರಿನಲ್ಲಿ ಕೊನೆಯ ಚುಕ್ಕಿಯ ನಂತರ ಬರುವ ಬಾಲ. ಡಾಟ್ ಕಾಂ, ಡಾಟ್ ಇನ್, ಡಾಟ್ ಆರ್ಗ್ ಎಂದೆಲ್ಲ ನಾವು ದಿನಾ ನೋಡುವುದು ಅದನ್ನೇ. ಅರ್ಜಿ ಸಲ್ಲಿಸಲು 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗೆ ಎಂದು ದಿನ ಗೊತ್ತುಪಡಿಸಲಾಗಿದೆ. ಒಂದು ಅರ್ಜಿಗೆ ಶುಲ್ಕ 2,27,000 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಕೋಟಿ ರೂಪಾಯಿ. ಹಿಂದಿನ ಸಲ, ಅಂದರೆ 2012ರಲ್ಲಿ, 1,930 ಅರ್ಜಿಗಳು ಬಂದಿದ್ದವು. ಡಾಟ್ ಶಾಪ್, ಡಾಟ್ ಕ್ಲಬ್, ಡಾಟ್ ಆನ್‌ಲೈನ್, ಡಾಟ್ ಎಕ್ಸ್‌ವೈಝಡ್ ಮುಂತಾದ ಸಾವಿರದ ಇನ್ನೂರಕ್ಕೂ ಹೆಚ್ಚು ಬಾಲಗಳು ಹುಟ್ಟಿಕೊಂಡದ್ದು ಆಗಲೇ.

ಎರಡು ಕೋಟಿಯ ಅರ್ಜಿ ನಮ್ಮ ಊರಿನವರು ಹಾಕುವಂಥದ್ದಲ್ಲ. ಆದರೆ ಅದರ ಬಿಸಿ ಊರಿಗೂ ಮುಟ್ಟುತ್ತದೆ. "ಮೊದಲ ವರ್ಷಕ್ಕೆ ಬರೇ ನೂರು ರೂಪಾಯಿ, ಒಳ್ಳೆಯ ಹೆಸರು ಹಿಡಿದಿಟ್ಟುಕೊಳ್ಳಿ, ನಾಳೆ ಲಕ್ಷಕ್ಕೆ ಮಾರಿ" ಎಂಬ ಮಾತು ಮೊಬೈಲಿನಲ್ಲಿ ಬಂದು ಬೀಳುತ್ತದೆ. ಡಾಟ್ ಕಾಂನಲ್ಲಿ 15 ಕೋಟಿಗೂ ಹೆಚ್ಚು ಹೆಸರುಗಳು ಈಗಾಗಲೇ ಹೋಗಿವೆ, ಒಳ್ಳೆಯದು ಉಳಿದಿಲ್ಲ, ಹಾಗಾಗಿ ಹೊಸ ಬಾಲದಲ್ಲಿ ಹಣ ಹೂಡಿ ಎಂಬುದು ಅದರ ವಾದ. ಈ ವಾದ ಎಷ್ಟು ಗಟ್ಟಿ ಎಂದು ನೋಡಬೇಕು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಡೊಮೇನ್ ಹೆಸರು ಕೊಂಡೆ ಎನ್ನುತ್ತೇವೆ, ನಿಜವಾಗಿ ಅದು ಖರೀದಿಯಲ್ಲ, ಗೇಣಿ. ವರ್ಷ ವರ್ಷ ಕಟ್ಟಬೇಕು, ಒಂದೇ ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಬಹುದು. ಉಳುವವನೇ ಒಡೆಯ ಎಂಬ ಕಾನೂನು ಇಲ್ಲಿಗೆ ಬಂದಿಲ್ಲ. ಡಾಟ್ ಕಾಂನ ಧಣಿ ವೆರಿಸೈನ್ ಕಂಪನಿ ಗೇಣಿ ಎಷ್ಟು ಏರಿಸಬಹುದು ಎಂಬುದಕ್ಕೆ ಒಪ್ಪಂದದಲ್ಲೇ ಮಿತಿ ಇದೆ. 2012ರ ನಂತರ ಬಂದ ಬಾಲಗಳಿಗೆ ಅಂಥ ಮಿತಿ ಇಲ್ಲ. ಆರು ತಿಂಗಳು ಮುಂಚಿತವಾಗಿ ತಿಳಿಸಿದರೆ ಸಾಕು, ಏರಿಸಬಹುದು. 2017ರಲ್ಲಿ ಯುನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಕೆಲವು ಬಾಲಗಳ ದರವನ್ನು ಹಲವು ಪಟ್ಟು ಏರಿಸಿದಾಗ ಹಿಡಿದಿಟ್ಟುಕೊಂಡವರು ಕಂಗಾಲಾದರು. ಮೊದಲ ವರ್ಷದ ನೂರು ರೂಪಾಯಿಯನ್ನು ನೋಡಿದವರು ಎರಡನೆಯ ವರ್ಷದ ದರವನ್ನೂ ಆವತ್ತೇ ಕೇಳಿಕೊಳ್ಳಬೇಕಿತ್ತು.

ಇನ್ನು ಮರುಮಾರಾಟ. ಇಲ್ಲಿ ಡಾಟ್ ಮೊಬಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2006ರಲ್ಲಿ ಮೊಬೈಲಿಗೆಂದೇ ಈ ವಿಸ್ತರಣೆ ಬಂತು. ಹಿಂದೆ ನಿಂತವರು ಸಣ್ಣವರಲ್ಲ. ನೋಕಿಯಾ, ಮೈಕ್ರೋಸಾಫ್ಟ್, ವೊಡಾಫೋನ್, ಗೂಗಲ್ ಎಲ್ಲ ಇದ್ದರು. ಆಗಿನ ಫೋನಿನ ಪರದೆ ಬೆಂಕಿಪೊಟ್ಟಣದಷ್ಟು. ಕಂಪ್ಯೂಟರಿನ ಪುಟ ಅದರಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಪ್ರತಿಯೊಂದು ಅಂಗಡಿಗೂ ಮೊಬೈಲಿಗೆ ಬೇರೆಯೇ ವಿಳಾಸ ಬೇಕಾಗುತ್ತದೆ ಎಂಬ ಊಹೆ ತಪ್ಪೆಂದು ಯಾರಿಗೂ ಅನಿಸಲಿಲ್ಲ. ಅದೇ ವರ್ಷ ಫ್ಲವರ್ಸ್ ಡಾಟ್ ಮೊಬಿ ಎಂಬ ಒಂದೇ ಹೆಸರು ಹರಾಜಿನಲ್ಲಿ 2 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಈ ವ್ಯಾಪಾರದಲ್ಲಿ ಪಳಗಿದ ಕೈ. ಮರು ವರ್ಷ ಐಫೋನ್ ಬಂತು. ದೊಡ್ಡ ಪರದೆಯಲ್ಲಿ ಮಾಮೂಲಿ ವೆಬ್‌ಸೈಟೇ ತೆರೆದುಕೊಳ್ಳತೊಡಗಿತು. ಕೆಲವೇ ವರ್ಷಗಳಲ್ಲಿ ಆ ಎರಡು ಲಕ್ಷದ ಹೆಸರು ಸುಮಾರು ಆರೂವರೆ ಸಾವಿರ ಡಾಲರಿಗೆ ಮಾರಿಹೋಯಿತು. ಹೂವಿನ ವ್ಯಾಪಾರ ಕಡಿಮೆಯಾಗಿರಲಿಲ್ಲ, ಮೊಬೈಲ್ ಬಳಸುವವರಂತೂ ಹೆಚ್ಚಿದ್ದರು. ಬಾಲದ ಅಗತ್ಯ ಮಾತ್ರ ಇಲ್ಲವಾಗಿತ್ತು.

ದೊಡ್ಡ ಕಂಪನಿ ಬಳಸಿದರೂ ಬಾಲ ಜನರ ನಾಲಗೆಗೆ ಹತ್ತದೆ ಹೋಗಬಹುದು. ಅಮೆರಿಕದ ಓವರ್‌ಸ್ಟಾಕ್ ಕಂಪನಿ 2010ರಲ್ಲಿ ಓ ಡಾಟ್ ಕೋ ಎಂಬ ಹೆಸರಿಗೆ 3.5 ಲಕ್ಷ ಡಾಲರ್ ಕೊಟ್ಟಿತು. ಡಾಟ್ ಕೋ ಎಂಬುದು ಮೂಲತಃ ಕೊಲಂಬಿಯಾ ದೇಶದ ವಿಸ್ತರಣೆ. ಜಾಹೀರಾತಿಗೆ ಹಣ ಸುರಿದದ್ದಾಯಿತು. ಜನ ಮಾತ್ರ ಅಭ್ಯಾಸಬಲದಿಂದ ಓ ಡಾಟ್ ಕಾಂ ಎಂದೇ ಟೈಪು ಮಾಡಿದರು. ಮರು ವರ್ಷವೇ ಕಂಪನಿ ತನ್ನ ಹಳೆಯ ಹೆಸರಿಗೆ ಮರಳಿತು. ಡಾಟ್ ಕಾಂನ ವಾಯ್ಸ್ ಎಂಬ ಹೆಸರು 2019ರಲ್ಲಿ 3 ಕೋಟಿ ಡಾಲರಿಗೆ ಮಾರಾಟವಾಯಿತಲ್ಲ, ಅದೇ ಪದಕ್ಕೆ ಬೇರೆ ಬಾಲದಲ್ಲೂ ಅಂಥದ್ದೇ ಬೆಲೆ ಬರುತ್ತದೆ ಎಂದು ಎಣಿಸುವುದು ಕನಸಿನ ಗಂಟು.

ಸಾಮಾನ್ಯನ ಲೆಕ್ಕ ಹೀಗೆ. ನೂರು ಹೆಸರು ಹಿಡಿದಿಟ್ಟಿದ್ದೀರಿ, ಒಂದಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ ಹೋಯಿತು. ನೂರರಲ್ಲಿ ಒಂದು ಮಾರಾಟವಾದರೆ ಆ ಒಂದೇ ಹೆಸರಿಗೆ ಒಂದು ಲಕ್ಷದ ಮೇಲೆ ಸಿಕ್ಕಿದರಷ್ಟೇ ಲಾಭ, ಅದರಲ್ಲೂ ದಲ್ಲಾಳಿ ತಾಣದ ಪಾಲು ಬೇರೆ. ಹೊಸ ಬಾಲಗಳಲ್ಲಿ ಇನ್ನೊಂದು ತೊಡಕಿದೆ. ಬೇಡಿಕೆ ಬರುವಂಥ ಪದಗಳನ್ನು ಧಣಿ ಕಂಪನಿ ತಾನೇ ಪ್ರೀಮಿಯಂ ಎಂದು ಎತ್ತಿಟ್ಟುಕೊಂಡಿರುತ್ತದೆ. ಉಳಿದದ್ದು ನಮಗೆ ಸಿಗುತ್ತದೆ.

ಹಾಗಾದರೆ ಹಣ ಮಾಡಿದವರೇ ಇಲ್ಲವೇ? ಇದ್ದಾರೆ. ಕೆರಿಬಿಯನ್ ಸಮುದ್ರದ ಅಂಗ್ವಿಲಾ ಎಂಬ ದ್ವೀಪದಲ್ಲಿ ಇರುವುದು ಸುಮಾರು 16 ಸಾವಿರ ಜನ, ನಮ್ಮ ಒಂದು ದೊಡ್ಡ ಪಂಚಾಯತಿನಷ್ಟು. ಆ ದ್ವೀಪಕ್ಕೆ ಹಂಚಿಕೆಯಾದ ಅಕ್ಷರಗಳು ಎಐ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದು ಕೃತಕ ಬುದ್ಧಿಮತ್ತೆಯ ಭರಾಟೆ ಶುರುವಾದದ್ದೇ ತಡ, ಡಾಟ್ ಎಐಗೆ ಜನ ಮುಗಿಬಿದ್ದರು. 2023ರಲ್ಲಿ ದ್ವೀಪಕ್ಕೆ ಇದರಿಂದ ಬಂದ ಹಣ ಸುಮಾರು 3.2 ಕೋಟಿ ಡಾಲರ್, ಅಲ್ಲಿನ ಸರಕಾರದ ಆದಾಯದ ಐದನೇ ಒಂದಂಶಕ್ಕೂ ಹೆಚ್ಚು. ಅದೇ ವರ್ಷ ಯು ಡಾಟ್ ಎಐ ಎಂಬ ಹೆಸರು 7 ಲಕ್ಷ ಡಾಲರಿಗೆ ಕೈಬದಲಾಯಿತು. ಪೆಸಿಫಿಕ್ ಸಾಗರದ ತುವಾಲು 2000ದಲ್ಲಿ ತನ್ನ ಡಾಟ್ ಟಿವಿಯನ್ನು 5 ಕೋಟಿ ಡಾಲರ್ ಒಪ್ಪಂದಕ್ಕೆ ಗೇಣಿಗೆ ಕೊಟ್ಟು, ಬಂದ ಹಣದ ಬಲದಿಂದ ಅದೇ ವರ್ಷ ವಿಶ್ವಸಂಸ್ಥೆಗೆ ಸದಸ್ಯನಾಗಿ ಸೇರಿತು. ಬಾಲ ಗೆದ್ದರೂ ಸೋತರೂ ತಪ್ಪದೆ ದುಡಿಯುವುದು ಧಣಿ. ಹೆಸರು ಹಿಡಿದಿಟ್ಟವರಲ್ಲಿ ಗೆದ್ದದ್ದು ಬೆರಳೆಣಿಕೆಯವರು.

ದೇಶದ ಹೆಸರಿನ ಬಾಲಕ್ಕೆ ದೇಶದ ಹಣೆಬರಹವೂ ಅಂಟಿಕೊಂಡಿರುತ್ತದೆ. ಯುಗೊಸ್ಲಾವಿಯಾ ಒಡೆದುಹೋದ ಮೇಲೆ ಡಾಟ್ ವೈಯು 2010ರ ಮಾರ್ಚಿನಲ್ಲಿ ಅಳಿದುಹೋಯಿತು. ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಿದ್ದದ್ದಕ್ಕೆ 2021ರ ಜನವರಿಯಲ್ಲಿ ಅಲ್ಲಿನವರ ಸುಮಾರು 80 ಸಾವಿರ ಡಾಟ್ ಇಯು ಹೆಸರುಗಳು ಅಮಾನತಾದವು. ಸಾಫ್ಟ್‌ವೇರ್ ಕಂಪನಿಗಳಿಗೆ ಪ್ರಿಯವಾದ ಡಾಟ್ ಐಓ ಚಾಗೋಸ್ ದ್ವೀಪಗಳದ್ದು. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇಯಲ್ಲಿ ಬ್ರಿಟನ್ ಸಹಿ ಹಾಕಿದ ಬಳಿಕ ಅದರ ಭವಿಷ್ಯದ ಬಗ್ಗೆಯೂ ಮಾತು ಎದ್ದಿತು. ಎಲ್ಲೋ ಕೂತವರು ಗೆರೆ ಎಳೆದರೆ ಮನೆ ಇದ್ದಲ್ಲೇ ಇದ್ದು ವಿಳಾಸ ಬದಲಾಗುತ್ತದೆ ಎಂಬುದನ್ನು 1956ರ ನವೆಂಬರ್ ಒಂದನೇ ತಾರೀಕು ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮಗೆ ಹತ್ತಿರದ ಬಾಲಗಳೂ ಇವೆ. ಡಾಟ್ ಇನ್ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಗೇಣಿ ಕಡಿಮೆ, ಧಣಿ ನಮ್ಮ ದೇಶದ್ದೇ ಆದ ನಿಕ್ಸಿ ಸಂಸ್ಥೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆ. ಮಲಯಾಳದಲ್ಲಿ ಭಾರತಂ, ತಮಿಳಿನಲ್ಲಿ ಇಂದಿಯಾ, ತೆಲುಗಿನಲ್ಲಿ ಭಾರತ್ ಎಂದು ಆಯಾ ಲಿಪಿಯಲ್ಲಿ ಇವೆ. ಅಭಿಮಾನಕ್ಕೆ ಒಳ್ಳೆಯದು, ಆದರೆ ಕನ್ನಡದ ಬಾಲಕ್ಕೆ ಮರುಮಾರಾಟದ ಪೇಟೆ ಎನ್ನುವಂಥದ್ದು ಬೆಳೆದಿಲ್ಲ. ಎಷ್ಟೋ ಕಡೆ ಇಮೇಲ್ ಕೇಳುವ ಅರ್ಜಿಗಳು ಕನ್ನಡ ವಿಳಾಸವನ್ನು ಒಪ್ಪುವುದಿಲ್ಲ. ಕೆಲವೊಮ್ಮೆ ಹೆಸರಿನ ಬದಲು ಎಕ್ಸ್‌ಎನ್ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸುತ್ತದೆ. ಗಡಿಯಲ್ಲಿ ಮತ್ತೂ ಒಂದು ಸಂಗತಿ ಇದೆ. ಮಂಜೇಶ್ವರದ ಅಂಗಡಿಯವನ ಗಿರಾಕಿಗಳಲ್ಲಿ ಕನ್ನಡ ಓದುವವರೂ ಇದ್ದಾರೆ, ಮಲಯಾಳ ಮಾತ್ರ ಓದುವವರೂ ಇದ್ದಾರೆ. ಬೋರ್ಡಿನಲ್ಲಿ ಎರಡೂ ಬರೆಸಬಹುದು, ವಿಳಾಸದಲ್ಲಿ ಒಂದೇ ಲಿಪಿ. ಎರಡು ಬೇಕಾದರೆ ಎರಡು ಗೇಣಿ.

ಹೆಸರಾಂತ ಕಂಪನಿಯ ಹೆಸರನ್ನೇ ಕೊಂಡಿಟ್ಟು ಹಣ ಕೇಳಿದರೆ ಹೇಗೆ ಎಂದು ಕೇಳುವವರಿದ್ದಾರೆ. 2024ರ ಅಕ್ಟೋಬರಿನಲ್ಲಿ ದೆಹಲಿಯ ಯುವಕನೊಬ್ಬ ಜಿಯೋಹಾಟ್‌ಸ್ಟಾರ್ ಡಾಟ್ ಕಾಂ ಹೆಸರಿಗೆ ಬದಲಾಗಿ ವಿದೇಶೀ ವ್ಯಾಸಂಗದ ಖರ್ಚು ಕೇಳಿದ್ದು ದೊಡ್ಡ ಸುದ್ದಿಯಾಯಿತು; ಕಂಪನಿ ಒಪ್ಪಲಿಲ್ಲ. ಬಾಲ ಯಾವುದಾದರೂ ಕಾನೂನು ಒಂದೇ. ಸಿಫಿ ಎಂಬ ಹೆಸರಿನ ಬಗ್ಗೆ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಹುಟ್ಟಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಗುಣ ಇದೆ ಎಂದು ತೀರ್ಪು ಕೊಟ್ಟಿದೆ.

ಸಣ್ಣ ಬಾಲದ ಹೆಸರಿಗೂ ಖಂಡಿತ ಗಿರಾಕಿ ಇರುವ ಒಂದು ಸಂದರ್ಭ ಉಂಟು. ಅದು ಹಲವು ವರ್ಷ ಬಳಕೆಯಲ್ಲಿದ್ದು ಗೇಣಿ ಕಟ್ಟದೆ ಬಿಟ್ಟುಹೋದ ಹೆಸರು. ಸಂಘ, ಶಾಲೆ, ದೇವಸ್ಥಾನದ ವೆಬ್‌ಸೈಟಿಗೆ ಪತ್ರಿಕೆಗಳು, ಸರಕಾರಿ ಪುಟಗಳು ಕೊಂಡಿ ಕೊಟ್ಟಿರುತ್ತವೆ. ಹುಡುಕಾಟದಲ್ಲಿ ಅದಕ್ಕೆ ಮರ್ಯಾದೆ ಇರುತ್ತದೆ. ಆ ಮರ್ಯಾದೆಗಾಗಿಯೇ ಜೂಜಿನ ತಾಣದವರು ಇಂಥ ಹೆಸರುಗಳಿಗೆ ಕಾದು ಕೂತಿರುತ್ತಾರೆ. ಡಾಟ್ ಕಾಂ, ಡಾಟ್ ಆರ್ಗ್‌ನಂಥವುಗಳಲ್ಲಿ ಅವಧಿ ಮುಗಿದು, ನೋಂದಣಿದಾರ ಕಂಪನಿ ಹೆಸರನ್ನು ತೆಗೆದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು; ನಂತರ ಐದು ದಿನ, ಆಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ನೆನಪಿನ ಇಮೇಲ್ ಹೋಗುವುದು ನೋಂದಣಿ ಮಾಡಿಸಿದವರ ವಿಳಾಸಕ್ಕೆ. ಹತ್ತು ವರ್ಷದ ಹಿಂದೆ ಸೈಟು ಮಾಡಿಕೊಟ್ಟ ಹುಡುಗ ಈಗ ದುಬೈಯಲ್ಲಿದ್ದರೆ ಪತ್ರವೂ ಅಲ್ಲಿಗೇ ಹೋಗುತ್ತದೆ.