ಯಂತ್ರ ತಟ್ಟಿದರೆ ಮಾತ್ರ ತೆರೆಯೋ ಬಾಗಿಲು



ನಮ್ಮ ಕೇರಿಯ ಹುಡುಗನೊಬ್ಬನಿಗೆ ಕಣ್ಣು ಕಾಣಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಕೂತರೆ ಅವನ ಸ್ಕ್ರೀನ್ ರೀಡರ್ ಬರೀ 'ಬಟನ್, ಬಟನ್' ಅಂತಿತ್ತು. ಯಾವ ಬಟನ್? ಹೆಸರೇ ಬರೆದಿಲ್ಲ. ಕೊನೆಗೆ ಸೈಬರ್ ಸೆಂಟರಿನವನ ಕೈಗೆ ಜಾತಿ ಪ್ರಮಾಣಪತ್ರ, ಆಧಾರ್, ಒಟಿಪಿ ಎಲ್ಲಾ ಕೊಟ್ಟು ಬಂದ.

ಈಗ ನಮ್ಮ ಬದಲು ವೆಬ್‌ಸೈಟ್ ಸುತ್ತೋ ಎಐ ಏಜೆಂಟ್‌ಗಳು ಬಂದಿವೆ. ಮೈಕ್ರೋಸಾಫ್ಟ್‌ನ ಪ್ಲೇರೈಟ್ ಎಂಸಿಪಿ ಪುಟ ಓದೋದು ಸ್ಕ್ರೀನ್ ರೀಡರ್ ಬಳಸುವಂಥ ಆಕ್ಸೆಸಿಬಿಲಿಟಿ ಟ್ರೀಯಿಂದಲೇ. ಅಟ್ಲಾಸ್ ಬ್ರೌಸರ್ ತಂದ ಓಪನ್‌ಎಐ ಕೂಡ 2025ರಲ್ಲಿ, ನಮ್ಮ ಏಜೆಂಟ್‌ಗೆ ತಿಳಿಯುವ ಹಾಗೆ ಬಟನ್‌ಗಳಿಗೆ ಹೆಸರು ಕೊಡಿ ಎಂದು ಸೈಟ್‌ನವರಿಗೆ ಹೇಳಿದೆ.

ಇದನ್ನೇ ಅಲ್ವಾ ಅಂಧರು 1999ರ ವೆಬ್ ಮಾರ್ಗಸೂಚಿ ಬಂದಾಗಿನಿಂದ ಕೇಳ್ತಿರೋದು? ನಮ್ಮಲ್ಲಿ 2016ರ ಕಾಯ್ದೆ ಇದೆ. ಡಿಜಿಟಲ್ ಪ್ರವೇಶ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟೂ 2025ರಲ್ಲಿ ಹೇಳಿದೆ. ಇಷ್ಟಕ್ಕೂ ಕೇಳದ ಕಿವಿ, ಗಿರಾಕಿ ಕಳಿಸಿದ ಯಂತ್ರ ಬಾಗಿಲು ತಟ್ಟಿದರೆ ಕೇಳುತ್ತೆ!

ಮಂತ್ರಿ ಬರ್ತಾರೆ ಅಂದ್ರೆ ಮಾತ್ರ ಕೇರಿಗೆ ಡಾಂಬರು ಹಾಕೋ ಬುದ್ಧಿ ಇದು. ಹಾಕಿದ ರಸ್ತೇಲಿ ನಾವೂ ನಡೀತೀವಿ. ಆದರೆ ಮಂತ್ರಿಗೆ ಕೈ ಮುಗಿಯಲ್ಲ. ರಸ್ತೆ ನಮ್ಮ ಹಕ್ಕು.

ಸರ್ಕಾರಿ ಪೋರ್ಟಲ್ ಬಿಡುಗಡೆಗೆ ಮುಂಚೆ ಅಂಧ ವಿದ್ಯಾರ್ಥಿಯೊಬ್ಬ ಕೂತು ಅರ್ಜಿ ತುಂಬಲಿ. ಅವನಿಗೆ ಆಗಲಿಲ್ವಾ, ಪೋರ್ಟಲ್ ಫೇಲು.

ಜೈ ಭೀಮ್.